ಅಂಕ ಇರಲಿ, ರ‍್ಯಾಂಕ್ ಯಾಕೆ?

ಕೇಳುಗರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಅಥವಾ ಮಂಡ್ಯದ ನೂರಡಿ ರಸ್ತೆಯಲ್ಲಿ ಓಡಾಡಿದವರು ಆ ಫ್ಲೆಕ್ಸುಗಳನ್ನು ನೋಡಿಯೇ ಇರುತ್ತೀರಿ. ಮೇಲುಗಡೆ ಒಂದು ದೊಡ್ಡ ಫೋಟೊ, ಅದರ ಕೆಳಗೆ ಸ್ವಲ್ಪ ಸಣ್ಣವು, ಕೊನೆಯ ಸಾಲಿಗೆ ಬರುವಾಗ ಮುಖ ಗುರುತು ಸಿಗದಷ್ಟು ಚಿಕ್ಕವು. ಅಂಕಕ್ಕೆ ತಕ್ಕ ಮುಖ! ಫ್ಲೆಕ್ಸಿನಲ್ಲಿ ಎಲ್ಲಿಯೂ ಇಲ್ಲದ ಮಕ್ಕಳೇ ಆ ಶಾಲೆಯಲ್ಲಿ ಹೆಚ್ಚು.

ಪ್ರೌಢಶಾಲೆಗಳು ಮಕ್ಕಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವುದನ್ನು ಬಿಡಬೇಕೇ? ಬಿಡಬೇಕು ಎನ್ನುವವನು ನಾನು. ಹಾಗೆಂದು ಪರೀಕ್ಷೆಯೂ ಬೇಡ, ಅಂಕವೂ ಬೇಡ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು ನಾನು. ಅಂಕದ ಮೇಲೆ ನನಗೆ ಸಿಟ್ಟಿಲ್ಲ. ತಕರಾರು ಇರುವುದು ರ‍್ಯಾಂಕಿನ ಮೇಲೆ, ಅದೂ ಗಣಿತದ ತಕರಾರು.

ನಲವತ್ತು ಮಕ್ಕಳ ಒಂದು ತರಗತಿ ಎಂದುಕೊಳ್ಳಿ, ಯಾವ ಇಬ್ಬರಿಗೂ ಒಂದೇ ಅಂಕ ಬಂದಿಲ್ಲ ಎನ್ನಿ. ಒಂದರಿಂದ ನಲವತ್ತರವರೆಗಿನ ಸ್ಥಾನಗಳನ್ನು ಕೂಡಿದರೆ 820. ಹತ್ತನೆಯ ತರಗತಿಯ ಸಮಾಂತರ ಶ್ರೇಢಿ ಪಾಠದ ಲೆಕ್ಕವೇ ಇದು. ಜೂನ್ ತಿಂಗಳಲ್ಲಿ ವರ್ಗ ಸಮೀಕರಣ ಬಿಡಿಸಲು ಬಾರದಿದ್ದ ನಲವತ್ತೂ ಮಕ್ಕಳು ಡಿಸೆಂಬರ್ ಹೊತ್ತಿಗೆ ಚೆನ್ನಾಗಿ ಕಲಿತರು ಎನ್ನಿ. ಎಲ್ಲರ ಅಂಕವೂ ಏರುತ್ತದೆ. ರ‍್ಯಾಂಕುಗಳ ಮೊತ್ತ ಮಾತ್ರ 820 ಇದ್ದದ್ದು 820ರಲ್ಲೇ ಇರುತ್ತದೆ. ಮೇಷ್ಟ್ರು ವರ್ಷವಿಡೀ ಪಾಠವನ್ನೇ ಮಾಡದೆ ಕಾಲ ಕಳೆದರೂ ಅದು 820ಕ್ಕಿಂತ ಕೆಳಗಿಳಿಯುವುದಿಲ್ಲ, ಮೇಲೇರುವುದೂ ಇಲ್ಲ. ಒಬ್ಬ ಹುಡುಗ ಎರಡು ಸ್ಥಾನ ಮೇಲೆ ಬಂದನೆಂದರೆ ಬೇರೆ ಯಾರೋ ಕೆಳಗೆ ಹೋಗಿದ್ದಾರೆ ಎಂದೇ ಅರ್ಥ, ಅವರು ಎಷ್ಟೇ ಕಲಿತಿರಲಿ. ಇಡೀ ತರಗತಿ ಕಲಿತರೂ ಕಲಿಯದಿದ್ದರೂ ಅಲುಗಾಡದ ಸಂಖ್ಯೆಯನ್ನು ಕಲಿಕೆಯ ಅಳತೆ ಎಂದು ಗಣಿತದವನು ಹೇಗೆ ಒಪ್ಪಬೇಕು?

ಇನ್ನೊಂದು ವಿಷಯ. ಮೊದಲನೆಯವಳಿಗೆ ಎಂಬತ್ತಕ್ಕೆ 78, ಎರಡನೆಯವನಿಗೆ 61 ಬಂದರೆ ಇಬ್ಬರ ನಡುವೆ ಒಂದೇ ಸ್ಥಾನದ ಅಂತರ. ಅದೇ ತರಗತಿಯ ನಡುಭಾಗಕ್ಕೆ ಬನ್ನಿ: 44, 44, 43, 43, 43, 43, 43, 42 ಎಂದು ಮಕ್ಕಳು ಒತ್ತೊತ್ತಾಗಿ ಇರುತ್ತಾರೆ. ಅಲ್ಲಿ ಒಂದು ಋಣ ಚಿಹ್ನೆ ತಪ್ಪಿದರೆ ಐದಾರು ಸ್ಥಾನ ಕುಸಿಯುತ್ತದೆ. ಮನೆಯಲ್ಲಿ ಅಪ್ಪ, ‘ಹದಿನೈದನೆಯವನಾಗಿದ್ದೆಯಲ್ಲೋ, ಇಪ್ಪತ್ತೊಂದಕ್ಕೆ ಹೇಗೆ ಬಿದ್ದೆ?’ ಎಂದು ಗದರುತ್ತಾರೆ. ಬಿದ್ದದ್ದು ಎರಡೇ ಅಂಕ. ದೊಡ್ಡ ಅಂತರವನ್ನು ಚಿಕ್ಕದಾಗಿಯೂ ಚಿಕ್ಕದನ್ನು ದೊಡ್ಡದಾಗಿಯೂ ತೋರಿಸುವ ಈ ಲೆಕ್ಕವನ್ನು ಅಂಗಡಿಯವನೊಬ್ಬ ಇಟ್ಟಿದ್ದರೆ ನಾವು ಅವನ ಬಳಿ ಎರಡನೆಯ ಸಲ ಹೋಗುತ್ತಿರಲಿಲ್ಲ.

ರಾಜ್ಯಕ್ಕೆ ಮೊದಲು ಬರುವುದರ ಕಥೆಯನ್ನೂ ನೋಡೋಣ. 2021ರಲ್ಲಿ ಕೋವಿಡ್ ಕಾರಣದಿಂದ ಎರಡೇ ದಿನದ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಯಿತು. 625ಕ್ಕೆ 625 ಪಡೆದವರು 157 ಮಂದಿ. 2022ರಲ್ಲಿ 145. 2023ರಲ್ಲಿ ನಾಲ್ವರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ತಂದರು. ಪೂರ್ಣಾಂಕ ಒಬ್ಬಳೇ ಹುಡುಗಿಗೆ ಬಂತು. ಮರುವರ್ಷ ಮತ್ತೆ 22 ಮಂದಿ. ಕರ್ನಾಟಕದ ಮಕ್ಕಳ ಬುದ್ಧಿ ವರ್ಷದಿಂದ ವರ್ಷಕ್ಕೆ ಹೀಗೆ ಏರಿಳಿಯಿತೇ? ಏರಿಳಿದದ್ದು ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಕಾವಲು. 2024ರಿಂದೀಚೆಗಂತೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆದು ಯಾವುದರಲ್ಲಿ ಹೆಚ್ಚು ಬಂತೋ ಅದನ್ನು ಉಳಿಸಿಕೊಳ್ಳಬಹುದು. ಹೀಗಿರುವಾಗ ಮೊದಲ ಪರೀಕ್ಷೆಯ ಫಲಿತಾಂಶದ ಮರುದಿನ ಫ್ಲೆಕ್ಸಿಗೆ ಏರಿದ ರ‍್ಯಾಂಕು ಕೊನೆಯ ಪರೀಕ್ಷೆಯ ಹೊತ್ತಿಗೆ ಯಾವ ಲೆಕ್ಕಕ್ಕೆ?

ಮಂಡಳಿ ಕೊಡುವ ಅಂಕಪಟ್ಟಿಯಲ್ಲಿ ವಿಷಯವಾರು ಅಂಕವಿರುತ್ತದೆ, ಒಟ್ಟು ಅಂಕವಿರುತ್ತದೆ, ಒಂದು ಶ್ರೇಣಿಯೂ ಇರುತ್ತದೆ. ಪಿಯು ಕಾಲೇಜು ಕೇಳುವುದೂ ಅಂಕವನ್ನೇ. ಸೀಟು ಹಂಚಲು ಬೇಕಾದ ಪಟ್ಟಿಯನ್ನು ಅವರೇ ಮಾಡಿಕೊಳ್ಳುತ್ತಾರೆ. ‘ನಿನ್ನ ತರಗತಿಯಲ್ಲಿ ನೀನು ಎಷ್ಟನೆಯವನು?’ ಎಂದು ಯಾವ ಗುಮಾಸ್ತರೂ ಕೇಳುವುದಿಲ್ಲ. ಕೇಳುವವರು ಮನೆಗೆ ಬಂದ ನೆಂಟರು.

ಹಾಗಾದರೆ ಅಂಕ ತೆಗೆದು ಎ, ಬಿ, ಸಿ ಎಂದು ಶ್ರೇಣಿ ಕೊಟ್ಟರೆ ಸಾಕಲ್ಲವೇ ಎನ್ನುವವರಿದ್ದಾರೆ. ಇದು ಇಂದಿನ ಯೋಚನೆಯಲ್ಲ. 1952-53ರಲ್ಲಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಮಾಧ್ಯಮಿಕ ಶಿಕ್ಷಣ ಆಯೋಗವೇ ಅಂಕಿಯ ಬದಲು ಸಂಕೇತ ಬಳಸಿ ಎಂದಿತ್ತು. ಸಿಬಿಎಸ್‌ಇ 2010ರ ಸುಮಾರಿಗೆ ನಿರಂತರ ಮೌಲ್ಯಮಾಪನವನ್ನೂ ಒಂಬತ್ತು ಹಂತದ ಶ್ರೇಣಿಯನ್ನೂ ತಂದು, ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯನ್ನು ಐಚ್ಛಿಕ ಮಾಡಿತು. 2018ರಲ್ಲಿ ಅದನ್ನೇ ಮತ್ತೆ ಕಡ್ಡಾಯ ಮಾಡಿತು. ನಡುವಿನ ವರ್ಷಗಳಲ್ಲಿ ಮಕ್ಕಳ ಪ್ರಾಜೆಕ್ಟುಗಳನ್ನು ಅಪ್ಪ ಅಮ್ಮಂದಿರೇ ಮಾಡಿದರು, ಶಿಕ್ಷಕರು ಕೋಷ್ಟಕ ತುಂಬಿದರು. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ 563 ಬಂದರೆ ಎ ಪ್ಲಸ್, 562 ಬಂದರೆ ಎ. ಆ ಒಂದು ಅಂಕದ ಗೋಡೆ ರ‍್ಯಾಂಕಿಗಿಂತ ನ್ಯಾಯವಾದದ್ದು ಎಂದು ನನಗೇನೂ ಅನಿಸುವುದಿಲ್ಲ. ಆದರೆ ಅದೇ ಸಿಬಿಎಸ್‌ಇ ಈಗ ಮೆರಿಟ್ ಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಿದೆ, ಅಂಕಗಳನ್ನು ಉಳಿಸಿಕೊಂಡಿದೆ. ನಾನು ಕೇಳುತ್ತಿರುವುದೂ ಅಷ್ಟನ್ನೇ.

ಮೈಸೂರಿನ ಬಾನುಲಿಯಲ್ಲಿ ಕುಳಿತು ಈ ಮಾತನಾಡುವಾಗ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯದೆ ಇರುವುದು ಕಷ್ಟ. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಆಕಾಶವಾಣಿ ಆರಂಭಿಸಿದವರು ಅವರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತವರು. ಸಂಖ್ಯಾಶಾಸ್ತ್ರ ಓದಿದ ಮಕ್ಕಳಿಗೆ ಗೊತ್ತು, ಸ್ಥಾನಗಳ ಸಹಸಂಬಂಧ ಕಂಡುಹಿಡಿಯುವ ಸೂತ್ರಕ್ಕೆ ಅಂಟಿರುವ ಹೆಸರು ಅದೇ. ಸ್ಪಿಯರ್‌ಮನ್ 1904ರಲ್ಲಿ ಶಾಲಾ ಮಕ್ಕಳ ಸ್ಥಾನಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಒಂದು ವಿಷಯಕ್ಕೂ ಇನ್ನೊಂದಕ್ಕೂ ಏನು ನಂಟು ಎಂದು ತಿಳಿಯಲು. ಆ ಕೆಲಸಕ್ಕೆ ರ‍್ಯಾಂಕು ಒಳ್ಳೆಯ ಸಲಕರಣೆ. ಉತ್ತರಪತ್ರಿಕೆಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ, ಹೆಸರು ಕೂಗಿ, ಕೊನೆಯ ಹುಡುಗನನ್ನು ಎಲ್ಲರೆದುರು ನಡೆಸುವುದು ಬೇರೆಯೇ ಕೆಲಸ.

ನನ್ನ ಸಹೋದ್ಯೋಗಿಯಾಗಿದ್ದ ಒಬ್ಬ ಮೇಡಂ ಇದನ್ನು ಒಪ್ಪುವುದಿಲ್ಲ. ಅವರ ವಾದ ಹಗುರವಾದದ್ದಲ್ಲ. ‘ಸಾರ್, ಕೆ.ಆರ್. ಪೇಟೆ ಕಡೆಯ ಕೂಲಿಯವರ ಮಗಳು ಶಾಲೆಗೇ ಮೊದಲು ಬಂದಳು. ಅವಳಿಗೆ ಗಂಡು ನೋಡುತ್ತಿದ್ದವರು ಅವತ್ತು ಸುಮ್ಮನಾದರು. 580 ಅಂಕ ಎಂದರೆ ಅವರ ಬೀದಿಯವರಿಗೆ ತಿಳಿಯದು, ಫಸ್ಟು ಎಂದರೆ ತಿಳಿಯುತ್ತದೆ. ಬಡವರ ಮಕ್ಕಳಿಗೆ ಇರುವುದು ಅದೊಂದೇ ಕಿರೀಟ, ಅದನ್ನೂ ಕಿತ್ತುಕೊಳ್ಳುತ್ತೀರಾ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಆ ಹುಡುಗಿಗೆ ಊರೆಲ್ಲ ಸೇರಿ ಹಾರ ಹಾಕಲಿ, ನಾನೂ ಬಂದು ಚಪ್ಪಾಳೆ ತಟ್ಟುತ್ತೇನೆ. ಅದಕ್ಕಾಗಿ ಎಂಟು, ಒಂಬತ್ತನೆಯ ತರಗತಿಯ ಕಿರುಪರೀಕ್ಷೆಗಳಲ್ಲೂ ಉಳಿದ ಮೂವತ್ತೊಂಬತ್ತು ಮಕ್ಕಳಿಗೆ ನಂಬರ್ ಅಂಟಿಸಬೇಕಾಗಿಲ್ಲ. ರ‍್ಯಾಂಕ್ ನೋಡಿ ಸೆಕ್ಷನ್ ಮಾಡುವುದು, ನೂರಕ್ಕೆ ನೂರು ಫಲಿತಾಂಶದ ಆಸೆಗೆ ಹಿಂದುಳಿದವನಿಗೆ ಒಂಬತ್ತನೆಯ ತರಗತಿಯಲ್ಲೇ ಟಿಸಿ ಕೊಟ್ಟು ಕಳುಹಿಸುವುದು, ಇವುಗಳಿಂದ ಆ ಕೂಲಿಯವರ ಮಗಳಿಗೆ ಏನು ಲಾಭ? ಮುಂದಿನ ಸಲ ಹಾಗೆ ಹೊರಹೋಗುವುದು ಅವಳ ತಮ್ಮನೇ ಇರಬಹುದು.

ರ‍್ಯಾಂಕಿನ ಜಾಗಕ್ಕೆ ಏನು ಬರಬೇಕು? ಒಂದು ಉದಾಹರಣೆ ಕೊಡುತ್ತೇನೆ. ಇಬ್ಬರು ಮಕ್ಕಳಿಗೆ ಗಣಿತದಲ್ಲಿ ಎಂಬತ್ತಕ್ಕೆ 48. ಒಬ್ಬಳು ಸಮೀಕರಣಗಳನ್ನು ನೀರು ಕುಡಿದಷ್ಟು ಸಲೀಸಾಗಿ ಬಿಡಿಸಿದ್ದಾಳೆ, ರೇಖಾಗಣಿತದ ಥೇಲ್ಸ್ ಪ್ರಮೇಯದ ಸಾಧನೆಯನ್ನು ಮುಟ್ಟಿಯೇ ಇಲ್ಲ. ಇನ್ನೊಬ್ಬ ಪ್ರಮೇಯ, ರಚನೆ ಎಲ್ಲವನ್ನೂ ಅಂದವಾಗಿ ಬರೆದಿದ್ದಾನೆ, ಬೀಜಗಣಿತದಲ್ಲಿ ಚಿಹ್ನೆ ಬದಲಿಸುವಾಗಲೆಲ್ಲ ಎಡವಿದ್ದಾನೆ. ರ‍್ಯಾಂಕ್ ಪಟ್ಟಿಯಲ್ಲಿ ಇಬ್ಬರೂ ಹದಿನೇಳನೆಯವರು. ಅವಳಿಗೆ ಬೇಕಾದದ್ದು ಚಿತ್ರ ಬರೆದು ತರ್ಕ ಕಟ್ಟುವ ಅಭ್ಯಾಸ. ಅವನಿಗೆ ದಿನಕ್ಕೆ ನಾಲ್ಕು ಲೆಕ್ಕ, ಪಕ್ಕದಲ್ಲಿ ಕುಳಿತು ತಪ್ಪು ತೋರಿಸುವ ಒಬ್ಬರು. ಹದಿನೇಳು ಎಂಬ ಅಂಕಿ ಇವೆರಡನ್ನೂ ಹೇಳುವುದಿಲ್ಲ. ಉತ್ತರಪತ್ರಿಕೆಯ ಅಂಚಿನಲ್ಲಿ ಮೇಷ್ಟ್ರು ಬರೆದ ಎರಡು ಸಾಲು ಹೇಳುತ್ತದೆ. ಅರವತ್ತು ಮಕ್ಕಳಿರುವ ಕಡೆ ಎಲ್ಲರಿಗೂ ಎರಡು ಸಾಲು ಬರೆಯುವುದು ಸುಲಭವಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಒಂದು ಕಿರುಪರೀಕ್ಷೆಗೆ ಕಾಲುಭಾಗ ಮಕ್ಕಳಂತೆ ಸರದಿ ಹಾಕಿಕೊಂಡರೂ ವರ್ಷದಲ್ಲಿ ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ.

ಇದಕ್ಕೆ ಇಲಾಖೆಯ ಸುತ್ತೋಲೆ ಬರಲಿ ಎಂದು ಕಾಯಬೇಕಾಗಿಲ್ಲ. ಮುಂದಿನ ಪೋಷಕರ ಸಭೆಗೆ ಹೋದಾಗ ನಿಮ್ಮ ಮಗುವಿನ ರ‍್ಯಾಂಕ್ ಕೇಳಬೇಡಿ, ಉತ್ತರಪತ್ರಿಕೆ ಕೇಳಿ. ಯಾವ ಪಾಠದಲ್ಲಿ ಹಿಂದಿದ್ದಾನೆ, ಮನೆಯಲ್ಲಿ ಏನು ಮಾಡಿಸಬೇಕು ಎಂದು ವಿಚಾರಿಸಿ. ಶಿಕ್ಷಕರು ಕೊಂಚ ಗೊಣಗಬಹುದು, ಕಪಾಟಿನ ಬೀಗದ ಕೈ ಹುಡುಕಬೇಕಾಗಬಹುದು. ತೋರಿಸುತ್ತಾರೆ.

ನಮಸ್ಕಾರ.