ಚಂದಾದಾರರ ಪತ್ರಿಕೆ: ‘ಇಂಟರ್‌ಜೋನ್’ ನಡೆದುಬಂದ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

1982ರ ವಸಂತದಲ್ಲಿ ಬ್ರಿಟನ್ನಿನಲ್ಲಿ ‘ಇಂಟರ್‌ಜೋನ್’ ಎಂಬ ಹೆಸರಿನ ತೆಳ್ಳಗಿನ ತ್ರೈಮಾಸಿಕವೊಂದು ಹೊರಬಂದಿತು. ವಿಜ್ಞಾನ ಕಥೆಗಳಿಗೆ ಮತ್ತು ವಿಲಕ್ಷಣ ಕಲ್ಪನೆಯ ಕಥೆಗಳಿಗೆ ಮೀಸಲಾದ ಪತ್ರಿಕೆ ಅದು. ಅದರ ಬೆನ್ನಿಗೆ ದೊಡ್ಡ ಪ್ರಕಾಶನ ಸಂಸ್ಥೆ ಇರಲಿಲ್ಲ, ಬಂಡವಾಳ ಹೂಡುವ ಧಣಿ ಇರಲಿಲ್ಲ, ಸಂಬಳ ಪಡೆಯುವ ಸಂಪಾದಕರೂ ಇರಲಿಲ್ಲ. ಹೀಗಿದ್ದೂ ಆ ಪತ್ರಿಕೆ ನಾಲ್ಕು ದಶಕಗಳನ್ನು ದಾಟಿತು. ಅದು ಹೇಗೆ ದಾಟಿತು ಎಂಬುದಕ್ಕೆ ನನ್ನ ಬಳಿ ಇರುವ ಉತ್ತರ ಒಂದೇ, ಅದನ್ನು ಈ ಭಾಷಣದಲ್ಲಿ ಮತ್ತೆ ಮತ್ತೆ ಹೇಳಲಿದ್ದೇನೆ: ಸಣ್ಣ ಪತ್ರಿಕೆಯನ್ನು ಬದುಕಿಸುವವನು ಚಂದಾದಾರ.

ಸಾಹಿತ್ಯ ಪತ್ರಿಕೆಯ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವ ಪ್ರಶ್ನೆ ‘ಅದರಲ್ಲಿ ಯಾರು ಯಾರು ಬರೆದರು?’ ಎಂಬುದು. ದಯವಿಟ್ಟು ಒಮ್ಮೆಯಾದರೂ ‘ಅದರ ಮುದ್ರಣಕ್ಕೆ ಹಣ ಕೊಟ್ಟವರು ಯಾರು?’ ಎಂದು ಕೇಳಿ ನೋಡಿ, ಇತಿಹಾಸ ಬೇರೆಯಾಗಿಯೇ ಕಾಣುತ್ತದೆ. ಅಂಗಡಿಗಳ ಮೂಲಕ ಮಾರುವ ಪತ್ರಿಕೆ ಮೊದಲು ಮುದ್ರಕರಿಗೆ ಹಣ ಕೊಡಬೇಕು, ಆಮೇಲೆ ಪ್ರತಿಗಳನ್ನು ವಿತರಕರ ಕೈಗೆ ಒಪ್ಪಿಸಬೇಕು, ಬೆಲೆಯಲ್ಲಿ ದೊಡ್ಡ ಪಾಲನ್ನು ವಿತರಕರಿಗೂ ಅಂಗಡಿಯವರಿಗೂ ಬಿಟ್ಟುಕೊಡಬೇಕು, ಮಾರಾಟವಾಗದೆ ಉಳಿದ ಪ್ರತಿಗಳ ನಷ್ಟವನ್ನು ತಾನೇ ಹೊರಬೇಕು, ಉಳಿದ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ಚಂದಾದಾರನ ವಿಷಯದಲ್ಲಿ ಎಲ್ಲವೂ ತಿರುವುಮುರುವು. ಅವನ ಹಣ ಮುದ್ರಣಕ್ಕೆ ಮೊದಲೇ ಬರುತ್ತದೆ, ಪೂರ್ತಿ ಬರುತ್ತದೆ, ಎಷ್ಟು ಪ್ರತಿ ಅಚ್ಚು ಹಾಕಬೇಕೆಂಬ ಲೆಕ್ಕವನ್ನೂ ಜೊತೆಗೆ ತರುತ್ತದೆ.

ಇದು ಮನಸ್ಸಿಗೆ ಇಳಿಯಬೇಕಾದರೆ ‘ಇಂಟರ್‌ಜೋನ್’ಗಿಂತ ಹಿಂದಿನ ಒಂದು ಕಥೆಯನ್ನು ಹೇಳಲೇಬೇಕು. ಈ ಕಥೆ ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರಲ್ಲಿ, ಜಾನ್ ಕಾರ್ನೆಲ್ ಎಂಬವರ ಸಂಪಾದಕತ್ವದಲ್ಲಿ ‘ನ್ಯೂ ವರ್ಲ್ಡ್ಸ್’ ಎಂಬ ವಿಜ್ಞಾನ ಕಥೆಗಳ ಪತ್ರಿಕೆ ಲಂಡನ್ನಿನಲ್ಲಿ ಆರಂಭವಾಯಿತು. ಮೂರು ಸಂಚಿಕೆ ಹೊರಬರುವಷ್ಟರಲ್ಲಿ ಪ್ರಕಾಶಕರು ಮುಳುಗಿಹೋದರು. ಫೆಟರ್ ಲೇನ್ ಎಂಬ ಬೀದಿಯಲ್ಲಿದ್ದ ‘ವೈಟ್ ಹಾರ್ಸ್’ ಎಂಬ ಪಾನಗೃಹದಲ್ಲಿ ವಿಜ್ಞಾನ ಕಥೆಗಳ ಓದುಗರೂ ಲೇಖಕರೂ ವಾರಕ್ಕೊಮ್ಮೆ ಸೇರುತ್ತಿದ್ದರು. ಆ ಗುಂಪಿನವರೇ ತಮ್ಮ ಕೈಯಿಂದ ಹಣ ಹಾಕಿ ‘ನೋವಾ ಪಬ್ಲಿಕೇಷನ್ಸ್’ ಎಂಬ ಪುಟ್ಟ ಕಂಪನಿ ಕಟ್ಟಿದರು. ಜಾನ್ ವಿಂಡಮ್ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧರಾದ ಕಾದಂಬರಿಕಾರರೂ ಅವರಲ್ಲಿ ಒಬ್ಬರು. 1949ರಲ್ಲಿ ನಾಲ್ಕನೆಯ ಸಂಚಿಕೆ ಹೊರಬಂದಿತು. ಪ್ರಕಾಶಕ ಕೈಬಿಟ್ಟ ಪತ್ರಿಕೆಯನ್ನು ಓದುಗರು ಎತ್ತಿಕೊಂಡರು, ಅದು ಮುಂದಿನ ಹದಿನೈದು ವರ್ಷ ಕಾರ್ನೆಲ್ ಅವರ ಕೈಯಲ್ಲೇ ನಡೆಯಿತು.

1964ರಲ್ಲಿ ಮೈಕೆಲ್ ಮೂರ್‌ಕಾಕ್ ಎಂಬ ತರುಣ ಅದರ ಸಂಪಾದಕರಾದರು. ವಯಸ್ಸು ಇಪ್ಪತ್ತನಾಲ್ಕು, ಉತ್ಸಾಹ ಅಪಾರ. ವಿಜ್ಞಾನ ಕಥೆ ರಾಕೆಟ್ಟುಗಳನ್ನು ಬಿಟ್ಟು ಮನುಷ್ಯನ ಒಳಮನಸ್ಸಿನ ಕಡೆಗೆ ತಿರುಗಬೇಕೆಂದು ವಾದಿಸುತ್ತಿದ್ದ ಜೆ. ಜಿ. ಬಲ್ಲಾರ್ಡ್ ಅಂಥವರಿಗೆ ಅವರು ಪುಟಗಳನ್ನು ತೆರೆದಿಟ್ಟರು. ಆದರೆ 1966ರಲ್ಲಿ ವಿತರಕ ಸಂಸ್ಥೆ ದಿವಾಳಿಯಾಯಿತು, ಅದರ ಹೊಡೆತಕ್ಕೆ ಪ್ರಕಾಶಕರೂ ತತ್ತರಿಸಿದರು. ವಿಜ್ಞಾನ ಕಥೆಗಾರ ಬ್ರಯನ್ ಆಲ್ಡಿಸ್ ಅವರು ಓಡಾಡಿ, ಹಿರಿಯ ಸಾಹಿತಿಗಳ ಬೆಂಬಲ ಗಳಿಸಿ, ಸಾರ್ವಜನಿಕರ ಹಣದಿಂದ ಕಲೆ-ಸಾಹಿತ್ಯಕ್ಕೆ ನೆರವು ಕೊಡುವ ಆರ್ಟ್ಸ್ ಕೌನ್ಸಿಲ್ ಎಂಬ ಸಂಸ್ಥೆಯಿಂದ ಸಂಚಿಕೆಗೆ 150 ಪೌಂಡ್ ಅನುದಾನ ಕೊಡಿಸಿದರು. 1967ರಲ್ಲಿ ಪತ್ರಿಕೆ ದೊಡ್ಡ ಆಕಾರದಲ್ಲಿ ಮತ್ತೆ ಕಾಣಿಸಿಕೊಂಡಿತು. ಅನುದಾನ ಸಾಲದೆ ಬಂದಾಗ ಮೂರ್‌ಕಾಕ್ ಅವರು ಸಾಹಸ ಕಾದಂಬರಿಗಳನ್ನು ಕೆಲವೇ ದಿನಗಳಲ್ಲಿ ಬರೆದು ಮುಗಿಸಿ, ಅದರಿಂದ ಬಂದ ಹಣವನ್ನು ಪತ್ರಿಕೆಗೆ ಸುರಿಯುತ್ತಿದ್ದರು.

ಇಷ್ಟೆಲ್ಲ ಆದಮೇಲೆ 1968ರಲ್ಲಿ ಏನಾಯಿತು ಗೊತ್ತೇ? ಅಮೆರಿಕದ ನಾರ್ಮನ್ ಸ್ಪಿನ್‌ರಾಡ್ ಅವರ ಕಾದಂಬರಿಯೊಂದು ಧಾರಾವಾಹಿಯಾಗಿ ಬರುತ್ತಿತ್ತು. ಅದರ ಭಾಷೆ ಅಶ್ಲೀಲವೆಂದು ಹೇಳಿ ಡಬ್ಲ್ಯು. ಎಚ್. ಸ್ಮಿತ್ ಎಂಬ ದೊಡ್ಡ ಅಂಗಡಿ ಜಾಲ ಆ ವರ್ಷದ ಮಾರ್ಚ್ ಸಂಚಿಕೆಯನ್ನು ಮಾರಲು ನಿರಾಕರಿಸಿತು. ಬ್ರಿಟನ್ನಿನ ಊರೂರಿನಲ್ಲೂ ರೈಲು ನಿಲ್ದಾಣಗಳಲ್ಲೂ ಇದ್ದ ಅಂಗಡಿಗಳು ಅವು. ಅಲ್ಲಿ ಇಲ್ಲದ ಪತ್ರಿಕೆ ಸಾಮಾನ್ಯ ಓದುಗನ ಪಾಲಿಗೆ ಇಲ್ಲವೇ ಇಲ್ಲ. ಇಂಥ ಬರವಣಿಗೆಗೆ ಸಾರ್ವಜನಿಕರ ಹಣವೇಕೆ ಎಂಬ ಪ್ರಶ್ನೆ ಸಂಸತ್ತಿನವರೆಗೂ ಹೋಯಿತು. ಆ ಪೆಟ್ಟಿನಿಂದ ಪತ್ರಿಕೆ ಚೇತರಿಸಿಕೊಳ್ಳಲೇ ಇಲ್ಲ. 1970ರ ಏಪ್ರಿಲ್‌ನಲ್ಲಿ 200ನೆಯ ಸಂಚಿಕೆಯೊಂದಿಗೆ ಅಂಗಡಿಗಳಿಂದ ಮಾಯವಾಯಿತು. ಇನ್ನು ಮುಂದಿನದನ್ನು ಗಮನವಿಟ್ಟು ಕೇಳಿ. 1971ರಲ್ಲಿ 201ನೆಯ ಸಂಚಿಕೆಯೊಂದು ಅಚ್ಚಾಯಿತು, ಅದನ್ನು ಕಳುಹಿಸಿದ್ದು ಚಂದಾದಾರರಿಗೆ ಮಾತ್ರ. ವಿತರಕ ಹೋದ, ಅಂಗಡಿ ಹೋಯಿತು, ಪತ್ರಿಕೆ ಕೊನೆಯದಾಗಿ ಹೋಗಿ ಸೇರಿದ್ದು ಮುಂಗಡವಾಗಿ ಹಣ ಕೊಟ್ಟವರ ಮನೆಯನ್ನು. ಎಪ್ಪತ್ತರ ದಶಕದಲ್ಲಿ ಆ ಹೆಸರು ಪುಸ್ತಕರೂಪದ ಸಂಕಲನಗಳಾಗಿ ಮತ್ತೆ ಬಂದಿತೆಂಬುದು ನಿಜ, ಆದರೆ ಬ್ರಿಟನ್ನಿನಲ್ಲಿ ಹೊಸ ಲೇಖಕನು ಕಥೆ ಕಳುಹಿಸಬಹುದಾದ, ನೆಚ್ಚಿಕೊಳ್ಳಬಹುದಾದ ವಿಜ್ಞಾನ ಕಥಾಪತ್ರಿಕೆಯೆಂಬುದು ಆ ದಶಕದ ಕೊನೆಗೆ ಇಲ್ಲವಾಗಿತ್ತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 1981ರ ಈಸ್ಟರ್ ಸಮಯದಲ್ಲಿ ಲೀಡ್ಸ್ ನಗರದಲ್ಲಿ ವಿಜ್ಞಾನ ಕಥಾಪ್ರಿಯರ ವಾರ್ಷಿಕ ಸಮ್ಮೇಳನ ನಡೆಯಿತು, ಖರ್ಚೆಲ್ಲ ಕಳೆದು ಸುಮಾರು 1,300 ಪೌಂಡ್ ಉಳಿಯಿತು. ಸಮ್ಮೇಳನವನ್ನು ನಡೆಸಿದ ಡೇವಿಡ್ ಪ್ರಿಂಗಲ್ ಮತ್ತು ಗೆಳೆಯರು ಆ ಹಣದಿಂದ ಪತ್ರಿಕೆ ತರೋಣ ಎಂದರು. ಲಂಡನ್ನಿನಲ್ಲಿ ಮ್ಯಾಲ್ಕಮ್ ಎಡ್ವರ್ಡ್ಸ್ ಮೊದಲಾದವರಿಗೂ ಅದೇ ಯೋಚನೆ ಇತ್ತು. ಎರಡು ಗುಂಪುಗಳು ಒಂದಾಗಿ, ಎಂಟು ಮಂದಿಯ ಸಂಪಾದಕ ಬಳಗವಾಯಿತು. ವಿಮರ್ಶಕ ಜಾನ್ ಕ್ಲೂಟ್, ಕಾಲಿನ್ ಗ್ರೀನ್‌ಲ್ಯಾಂಡ್, ರಾಜ್ ಕೇವ್ನಿ ಅಂಥವರು ಆ ಎಂಟರಲ್ಲಿದ್ದರು. ಸಮ್ಮೇಳನದ ಪ್ರವೇಶ ಶುಲ್ಕವಾಗಿ ಓದುಗರು ಕೊಟ್ಟ ಹಣವೇ ಪತ್ರಿಕೆಯ ಮೂಲಧನವಾಯಿತು ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ. ಮುಂದೆ ಆರ್ಟ್ಸ್ ಕೌನ್ಸಿಲ್ ನೆರವೂ ದೊರೆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ನ್ಯೂ ವರ್ಲ್ಡ್ಸ್’ಗೂ ಅನುದಾನವಿತ್ತು, ಅದರಿಂದ ಅದು ಉಳಿಯಲಿಲ್ಲ.

ಮೊದಲ ಸಂಚಿಕೆಯಲ್ಲಿ ಆ್ಯಂಜೆಲಾ ಕಾರ್ಟರ್ ಮತ್ತು ಎಂ. ಜಾನ್ ಹ್ಯಾರಿಸನ್ ಬರೆದರು, ಎರಡನೆಯದರಲ್ಲಿ ಬಲ್ಲಾರ್ಡ್ ಬರೆದರು. ಹೆಸರುಗಳನ್ನು ಕೇಳಲು ಬಯಸುವವರಿಗಾಗಿ ಇಷ್ಟು ಹೇಳಿದೆ. ಇದಕ್ಕಿಂತ ದೊಡ್ಡ ಸಂಗತಿಯೆಂದರೆ ಆ ದಶಕದಲ್ಲಿ ಹೊಸಬರು ಅಲ್ಲಿ ಹುಟ್ಟಿಕೊಂಡದ್ದು. 1984ರಲ್ಲಿ ಅಲ್ಲಿ ಅಚ್ಚಾದ ಜೆಫ್ ರೈಮನ್ ಅವರ ನೀಳ್ಗಥೆ ‘ವರ್ಲ್ಡ್ ಫ್ಯಾಂಟಸಿ’ ಪ್ರಶಸ್ತಿ ಗೆದ್ದಿತು. ಸ್ಟೀಫನ್ ಬ್ಯಾಕ್ಸ್‌ಟರ್ ಅವರ ಮೊದಲ ಕಥೆ 1987ರಲ್ಲಿ ಅಲ್ಲಿ ಬಂದಿತು, ಆಸ್ಟ್ರೇಲಿಯಾದ ಗ್ರೆಗ್ ಈಗನ್ ಅವರ ಮಹತ್ವದ ಆರಂಭದ ಕಥೆಗಳೂ ಬಂದವು. ದೊಡ್ಡ ಪ್ರಕಾಶಕನೊಬ್ಬ ಇವರ ಮೇಲೆ ಆಗ ಹಣ ಹೂಡುತ್ತಿರಲಿಲ್ಲ. ಚಂದಾದಾರ ಹೂಡಿದ, ಯಾರ ಕಥೆ ಬರುತ್ತದೆಂದು ತಿಳಿಯದೆಯೇ ವರ್ಷದ ಹಣ ಮೊದಲೇ ಕಟ್ಟಿದ. ಪತ್ರಿಕೆಯೂ ಅವನನ್ನು ಮರೆಯಲಿಲ್ಲ: ವರ್ಷಕ್ಕೊಮ್ಮೆ ಮತ ಕೇಳಿ, ಓದುಗರು ಮೆಚ್ಚಿದ ಕಥೆ ಯಾವುದೆಂದು ಪ್ರಕಟಿಸುವ ಪದ್ಧತಿಯನ್ನು ಅದು ಇಟ್ಟುಕೊಂಡಿತ್ತು.

ಉಳಿದದ್ದನ್ನು ಚುರುಕಾಗಿ ಹೇಳಬೇಕಾಗಿದೆ, ಸಮಯ ಸರಿಯುತ್ತಿದೆ. ಎಂಟು ಮಂದಿಯ ಬಳಗ ಕ್ರಮೇಣ ಕರಗಿ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ರಿಂಗಲ್ ಒಬ್ಬರೇ ಹೊಣೆ ಹೊತ್ತರು. ಅವರು ಬ್ರೈಟನ್‌ನಲ್ಲಿ ಕುಳಿತು, 1988ರಲ್ಲಿ ಪತ್ರಿಕೆಯನ್ನು ದ್ವೈಮಾಸಿಕವನ್ನಾಗಿ, 1990ರಲ್ಲಿ ಮಾಸಿಕವನ್ನಾಗಿ ಮಾಡಿದರು. ಸಣ್ಣ ಪತ್ರಿಕೆಯೊಂದು ಹತ್ತು ವರ್ಷಕ್ಕೂ ಮಿಕ್ಕಿ ಮಾಸಿಕವಾಗಿ ನಡೆಯುವುದು ಸುಲಭದ ಕೆಲಸವಲ್ಲ, ಇದನ್ನು ಯಾರೂ ಸಾಕಷ್ಟು ಹೊಗಳಿಲ್ಲವೆಂದೇ ನನ್ನ ಭಾವನೆ. 1995ರಲ್ಲಿ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ಗ್ಲಾಸ್ಗೋದಲ್ಲಿ ನಡೆದಾಗ, ಸಣ್ಣ ಪತ್ರಿಕೆಗಳ ವಿಭಾಗದ ಹ್ಯೂಗೋ ಪ್ರಶಸ್ತಿ ‘ಇಂಟರ್‌ಜೋನ್’ ಪಾಲಿಗೆ ಬಂದಿತು. ಅದಕ್ಕೆ ಮತ ಹಾಕುವವರೂ ಸಮ್ಮೇಳನಕ್ಕೆ ಶುಲ್ಕ ಕಟ್ಟಿದ ಓದುಗರೇ.

2004ರಲ್ಲಿ 193ನೆಯ ಸಂಚಿಕೆ ತಂದು ಪ್ರಿಂಗಲ್ ಹಿಂದೆ ಸರಿದರು. ಟಿಟಿಎ ಪ್ರೆಸ್ ಎಂಬ ಪ್ರಕಾಶನದ ಆಂಡಿ ಕಾಕ್ಸ್ 194ರಿಂದ ಮುಂದುವರಿಸಿ, 294ರವರೆಗೆ ತಂದರು. 2023ರಲ್ಲಿ ಗ್ಯಾರೆತ್ ಜೆಲ್ಲಿ ವಹಿಸಿಕೊಂಡರು. ಹೊಸ ಪ್ರಕಾಶಕ, ಹೊಸ ಆಕಾರ, ಹೊಸ ವಿನ್ಯಾಸ. ಆದರೂ ಅವರ ಮೊದಲ ಸಂಚಿಕೆಯ ಮೇಲೆ ಅಚ್ಚಾದ ಸಂಖ್ಯೆ 295.

ನಮಸ್ಕಾರ.