ಸ್ಟಾರ್ಟ್ ಆಗದ ಡೀಸೆಲ್ ಎಂಜಿನ್: ಸ್ಪ್ಯಾನರ್ ಹಿಡಿಯುವ ಮೊದಲು ನೋಡಬೇಕಾದದ್ದು

ಚಿತ್ರದುರ್ಗದ ಈ ಸಭೆಗೆ ಹೊಳಲ್ಕೆರೆ, ಚಳ್ಳಕೆರೆ, ಹಿರಿಯೂರು ಕಡೆಗಳಿಂದ ಬಂದಿರುವ ರೈತ ಬಂಧುಗಳೇ, ಲಾರಿ ಚಾಲಕರೇ, ಐಟಿಐ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಹದ ಮಳೆ ಬಿದ್ದ ಮರುದಿನ ಶೇಂಗಾ ಬಿತ್ತನೆಗೆ ಹೊಲಕ್ಕೆ ಇಳಿಯಬೇಕಾದ ಟ್ರ್ಯಾಕ್ಟರ್ ಮನೆಯ ಮುಂದೆಯೇ ನಿಂತುಬಿಟ್ಟಾಗ, ಅಥವಾ ಈರುಳ್ಳಿ ತುಂಬಿಕೊಂಡು ಬೆಂಗಳೂರಿಗೆ ಹೊರಡಬೇಕಾದ ಲಾರಿ ನಸುಕಿನಲ್ಲಿ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿದ್ದಾಗ, ನಮ್ಮಲ್ಲಿ ಮೊದಲು ಹುಟ್ಟುವ ಪ್ರಶ್ನೆ ಯಾವುದನ್ನು ಬಿಚ್ಚಬೇಕು ಎಂಬುದು. ಅದಕ್ಕೂ ಮೊದಲು ಏನನ್ನು ನೋಡಬೇಕು ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಕುರಿತು ಈ ದಿನ ಮಾತನಾಡುತ್ತೇನೆ. ನನ್ನ ಅನುಭವದಲ್ಲಿ, ಇಂಥ ಸಂದರ್ಭಗಳಲ್ಲಿ ವಾಹನದ ಮಾಲೀಕರು ತೆತ್ತ ಹಣದ ದೊಡ್ಡ ಪಾಲು ನಿಜವಾದ ದೋಷಕ್ಕೆ ಹೋದದ್ದಲ್ಲ. ಚೆನ್ನಾಗಿಯೇ ಇದ್ದ ಡೀಸೆಲ್ ಪಂಪನ್ನು ಬಿಚ್ಚಿಸಿದ್ದಕ್ಕೆ, ಇನ್ನೂ ಬಾಳುತ್ತಿದ್ದ ಬ್ಯಾಟರಿಯನ್ನು ಬದಲಿಸಿದ್ದಕ್ಕೆ ಹೋದದ್ದು.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಅವರು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿಯೂ ಇರಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ಬಲ್ಲಿರಿ. ಅದೇ ತತ್ವದಂತೆ, ಸಿಲಿಂಡರಿಗೆ ಬಂದ ಗಾಳಿಯನ್ನು ಪಿಸ್ಟನ್ ಅದರ ಗಾತ್ರದ 16ರಲ್ಲಿ ಒಂದು ಪಾಲಿಗೆ, ಕೆಲವು ಎಂಜಿನ್ನುಗಳಲ್ಲಿ 20ರಲ್ಲಿ ಒಂದು ಪಾಲಿಗೆ ಒತ್ತಿದಾಗ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು ಕಾಯುತ್ತದೆ, ಅದರೊಳಗೆ ನಾಜಲ್ ಸಿಂಪಡಿಸಿದ ಡೀಸೆಲ್ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಪರೀಕ್ಷೆಗಳ ಕಾರಣ ತಾನಾಗಿ ತಿಳಿಯುತ್ತದೆ.

ಮೊದಲು ಕೇಳಿಸಿಕೊಳ್ಳಬೇಕಾದದ್ದು ಸೆಲ್ಫಿನ ಸದ್ದನ್ನು. ಎಂಜಿನ್ ತಿರುಗುತ್ತಿದೆಯಲ್ಲ, ಇನ್ನು ಬ್ಯಾಟರಿಯ ಮಾತೇಕೆ ಎಂದು ಹಲವರು ಹೇಳುವುದುಂಟು. ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ಈ ಮಾತು ಸರಿಯಲ್ಲ. ನಿಧಾನವಾಗಿ ತಿರುಗುವ ಎಂಜಿನ್ನಿನಲ್ಲಿ ಒತ್ತಲ್ಪಟ್ಟ ಗಾಳಿಗೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಸಂದಿನಿಂದ ಸೋರಿಹೋಗಲು ಸಮಯ ಸಿಗುತ್ತದೆ, ಅದರ ಕಾವು ತಣ್ಣನೆಯ ಸಿಲಿಂಡರಿನ ಗೋಡೆಗೆ ಇಳಿದುಹೋಗುತ್ತದೆ. ಆಗ ಡೀಸೆಲ್ ಬಂದರೂ ಅದನ್ನು ಹೊತ್ತಿಸುವಷ್ಟು ಬಿಸಿ ಅಲ್ಲಿ ಉಳಿದಿರುವುದಿಲ್ಲ. ಚೆನ್ನಾಗಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. 24 ವೋಲ್ಟ್ ಲಾರಿಗಳಲ್ಲಿ ಇವುಗಳ ಎರಡರಷ್ಟು. ಬ್ಯಾಟರಿ ಸರಿಯಿದ್ದೂ ಎಂಜಿನ್ ಎಳೆದಾಡಿಕೊಂಡು ತಿರುಗುತ್ತಿದ್ದರೆ ಅರ್ತ್ ಕೇಬಲ್ಲನ್ನು ಅನುಮಾನಿಸಿರಿ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ತುಕ್ಕಿಲ್ಲದ, ಬಣ್ಣವಿಲ್ಲದ ಜಾಗಕ್ಕೂ ಹಿಡಿದು ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ದೋಷ ಆ ಕೇಬಲ್ಲಿನಲ್ಲಿ ಅಥವಾ ಅದರ ಬೋಲ್ಟಿನ ಅಡಿಯ ತುಕ್ಕಿನಲ್ಲಿ ಇದೆ. ಉಪ್ಪಿನ ಕಾಗದದಿಂದ ಉಜ್ಜಿ ಬಿಗಿ ಮಾಡುವ ಕೆಲಸಕ್ಕೆ ಹೊಸ ಬ್ಯಾಟರಿಯ ಹಣ ತೆತ್ತವರನ್ನು ನಾನು ಕಂಡಿದ್ದೇನೆ. ಇನ್ನೊಂದು ಎಚ್ಚರಿಕೆ: ಒಂದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಎರಡು ಪ್ರಯತ್ನಗಳ ನಡುವೆ ಒಂದೆರಡು ನಿಮಿಷ ಬಿಡುವು ಕೊಡಿ.

ಸೆಲ್ಫ್ ಚುರುಕಾಗಿ ತಿರುಗಿಸುತ್ತಿದ್ದರೆ ನಿಮ್ಮ ದೃಷ್ಟಿ ಸೈಲೆನ್ಸರಿನ ಬಾಯಿಗೆ ಹೋಗಬೇಕು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಹೆಜ್ಜೆ ಇನ್ನೊಂದಿಲ್ಲ, ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಅಥವಾ ಬೂದು ಹೊಗೆ ಬಂದು ಕಣ್ಣಿಗೆ ಹಸಿ ಡೀಸೆಲ್ಲಿನ ಘಾಟು ತಾಕಿದರೆ, ಡೀಸೆಲ್ ಒಳಗೆ ಹೋಗಿ ಆವಿಯಾಗುತ್ತಿದೆ ಆದರೆ ಹೊತ್ತಿಕೊಳ್ಳುತ್ತಿಲ್ಲ. ಆಗ ಪಂಪಿನ ಹತ್ತಿರ ಕೈಹಾಕುವ ಮೊದಲು ಕಂಪ್ರೆಷನ್ ಅಂದರೆ ಗಾಳಿಯ ಒತ್ತಡ, ಒಳಗಿನ ಗಾಳಿಯನ್ನು ಕಾಯಿಸುವ ಹೀಟರ್ ಪ್ಲಗ್, ಡೀಸೆಲ್ ಸಿಂಪಡಿಸುವ ಗಳಿಗೆ ಅಂದರೆ ಟೈಮಿಂಗ್, ಡೀಸೆಲ್ಲಿನಲ್ಲಿ ಸೇರಿರಬಹುದಾದ ನೀರು ಇವುಗಳ ಕಡೆ ನೋಡಬೇಕು. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಮೆಕ್ಕೆಜೋಳ ಒಕ್ಕಣೆಯ ದಿನಗಳಲ್ಲಿ ಏರ್ ಕ್ಲೀನರ್ ಧೂಳಿನಿಂದ ಕಟ್ಟಿಕೊಳ್ಳುವುದು ನಿಮಗೆ ಗೊತ್ತಿದ್ದದ್ದೇ.

ಹೊಗೆ ಇಲ್ಲದ ಎಂಜಿನ್ನಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ನನ್ನ ಮುಂದೆ ಬಂದ ಪ್ರಕರಣಗಳಲ್ಲಿ ಇದೇ ಹೆಚ್ಚು. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಅದರ ಕೆಳಗಿನ ಕಾಕ್ ತೆರೆದಿದೆಯೇ, ಟ್ಯಾಂಕಿನ ಮುಚ್ಚಳದ ಗಾಳಿಯ ತೂತು ಮಣ್ಣಿನಿಂದ ಮುಚ್ಚಿಲ್ಲವಷ್ಟೆ, ಎಂಜಿನ್ ಬಂದ್ ಮಾಡಲು ಎಳೆದ ಸ್ಟಾಪರ್ ಕೇಬಲ್ ಮತ್ತೆ ಒಳಗೆ ಹೋಗಿದೆಯೇ ಎಂಬುದನ್ನು ಮೊದಲು ನೋಡಿರಿ. ಕೇಬಲ್ಲಿನ ಬದಲು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಸ್ಟಾಪರ್, ಇರುವ ಎಂಜಿನ್ನಿನಲ್ಲಿ ಕೀಲಿ ತಿರುಗಿಸಿದಾಗ ಪಂಪಿನ ಬಳಿ ಟಕ್ಕೆಂಬ ಸಣ್ಣ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಅದರ ಫ್ಯೂಸನ್ನೂ ತಂತಿಯನ್ನೂ ನೋಡಿ. ಅನಂತರ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂವನ್ನು ಸಡಿಲಿಸಿ, ಕೈಯಿಂದ ಡೀಸೆಲ್ ಎತ್ತುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋದರೆ, ನೊರೆ ನೊರೆಯಾಗಿ ಬರುವ ಡೀಸೆಲ್ ಕ್ರಮೇಣ ಗುಳ್ಳೆಯಿಲ್ಲದೆ ತಿಳಿಯಾಗಿ ಹರಿಯತೊಡಗುತ್ತದೆ. ಗಾಳಿ ತೆಗೆಯುವುದು ಎಂದು ನಾವು ಹೇಳುವುದು ಇದನ್ನೇ.

ಆದರೆ ಗಾಳಿ ತೆಗೆದರೆ ಕೆಲಸ ಅರ್ಧ ಮಾತ್ರ ಮುಗಿಯಿತು. ಗಾಳಿ ಎಲ್ಲಿಂದ ಬಂತು ಎಂಬುದು ಉಳಿದ ಅರ್ಧ. ಹಲವು ವರ್ಷಗಳ ಹಿಂದೆ ಭರಮಸಾಗರದ ಬಳಿ ಈರುಳ್ಳಿ ಲೋಡ್ ಇದ್ದ ಒಂದು ಲಾರಿಯನ್ನು ನಾನು ನೋಡಲು ಹೋಗಿದ್ದೆ. ಪ್ರತಿದಿನ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಪ್ರೈಮರ್ ಒತ್ತಿದರೆ ಆಗುತ್ತದೆ, ಆಮೇಲೆ ಸಂಜೆಯವರೆಗೂ ತೊಂದರೆಯಿಲ್ಲ ಎಂದು ಚಾಲಕರು ಸ್ಪಷ್ಟವಾಗಿ ಹೇಳಿದ್ದರು. ನಾನು ಆ ಮಾತಿಗೆ ಸಲ್ಲಬೇಕಾದ ಬೆಲೆ ಕೊಡಲಿಲ್ಲ. ಪಂಪು ಸವೆದಿದೆ ಎಂದು ತೀರ್ಮಾನಿಸಿ ಬಿಚ್ಚಿ ಕ್ಯಾಲಿಬ್ರೇಷನ್ನಿಗೆ ಕಳಿಸಿದೆ. ಎರಡು ದಿನ ಲಾರಿ ನಿಂತಿತು, ಮಳೆಯಲ್ಲಿ ತಾಡಪತ್ರಿಯ ಅಡಿಯ ಈರುಳ್ಳಿ ಬೆವೆತು ಕೊಳೆಯಲು ಶುರುವಾಯಿತು. ಪಂಪು ಕೂಡಿಸಿದ ಮರುದಿನ ಬೆಳಿಗ್ಗೆ ಲಾರಿ ಮತ್ತೆ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಸಿಕ್ಕದ್ದು ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ರಬ್ಬರ್ ಪೈಪಿನಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಕೂದಲೆಳೆಯಷ್ಟು ಸೀಳು. ಲಾರಿಯ ಟ್ಯಾಂಕು ಪಂಪಿಗಿಂತ ಕೆಳಗಿರುವುದರಿಂದ ಆ ಪೈಪಿನಲ್ಲಿ ಡೀಸೆಲ್ ಹೀರಲ್ಪಡುತ್ತದೆ. ಅಲ್ಲಿನ ಸೀಳಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಹೊರಗಿನ ಗಾಳಿಯೇ ಒಳಗೆ ನುಸುಳುತ್ತದೆ, ರಾತ್ರಿಯಿಡೀ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತದೆ. ಆ ಈರುಳ್ಳಿ ಬೆಳೆದ ರೈತರ ಮುಖ ನನಗೆ ಇಂದಿಗೂ ಮರೆತಿಲ್ಲ. ಅಂದಿನಿಂದ ಒಂದು ಗೇಣು ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು ನನ್ನ ಪೆಟ್ಟಿಗೆಯಲ್ಲಿ ಸದಾ ಇರುತ್ತದೆ. ಅದನ್ನು ಫೀಡ್ ಪಂಪಿನ ಮುಂಚೆ ತಾತ್ಕಾಲಿಕವಾಗಿ ಕೂಡಿಸಿದರೆ ಒಳಗೆ ಸಾಗುವ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಪೈಪಿನ ಜೋಡಣೆಗಳನ್ನು ಬಿಚ್ಚಿದಾಗ ಅಲ್ಲಿನ ತಾಮ್ರದ ವಾಷರುಗಳನ್ನೂ ಪ್ರತಿಸಲ ಹೊಸದನ್ನೇ ಹಾಕಿರಿ.

ಡೀಸೆಲ್ಲಿನಲ್ಲಿ ನೀರಿದೆಯೇ ಎಂದು ತಿಳಿಯಲು ಫಿಲ್ಟರಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ಬಿಟ್ಟು ಹತ್ತು ನಿಮಿಷ ಇಟ್ಟರೆ ಸಾಕು, ನೀರು ಅಡಿಗೆ ಕೂರುತ್ತದೆ. ಡೀಸೆಲ್ಲನ್ನು ಬ್ಯಾರೆಲ್ಲಿನಲ್ಲಿ ಶೇಖರಿಸುವವರು ಇದನ್ನು ಆಗಾಗ ಮಾಡಬೇಕು.

ಹಳ್ಳ ದಾಟುವಾಗ ನೀರು ಕುಡಿದು ನಿಂತ ಎಂಜಿನ್ನಿಗೆ ಮಾತ್ರ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ. ಗಾಳಿಯಂತೆ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಜಲ್ಲುಗಳನ್ನು ತೆಗೆದು ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಿಯೇ ಮುಂದುವರಿಯಬೇಕು. ಏರ್ ಕ್ಲೀನರಿಗೆ ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸವನ್ನೂ ನಾನು ಒಪ್ಪುವುದಿಲ್ಲ. ಹೀಟರ್ ಇರುವ ಎಂಜಿನ್ನಿನಲ್ಲಿ ಅದು ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಲ್ಲದು, ಮೇಲಾಗಿ ನಮ್ಮ ಜಿಲ್ಲೆಯ ಚಳಿ ಅಂಥ ಉಪಾಯವನ್ನು ಬೇಡುವಷ್ಟು ಕಠಿಣವಲ್ಲ.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮದ ವಾಹನಗಳನ್ನು ಈಗ ಓಡಿಸುತ್ತಿರುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ಹಳೆಯ ಎಂಜಿನ್ನಿನಲ್ಲಿ ನಾಜಲ್ಲಿನ ಪೈಪಿನ ನಟ್ಟನ್ನು ಸಡಿಲಿಸಿ ಸೆಲ್ಫ್ ಹೊಡೆದು ಡೀಸೆಲ್ ಬರುತ್ತಿದೆಯೇ ಎಂದು ನೋಡುವ ರೂಢಿ ಇದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ, ಅಂದರೆ ಎಲ್ಲ ನಾಜಲ್ಲುಗಳಿಗೂ ರೈಲ್ ಎಂಬ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಇಂಥ ಹೊಸ ಎಂಜಿನ್ನಿನಲ್ಲಿ, ಹಾಗೆ ಎಂದಿಗೂ ಮಾಡಬಾರದು. ಅಲ್ಲಿನ ಒತ್ತಡ ಓಟದಲ್ಲಿ 1600 ಬಾರನ್ನೂ ಮೀರಬಲ್ಲದು. ಅಂಥ ಒತ್ತಡದಲ್ಲಿ ಚಿಮ್ಮುವ ಡೀಸೆಲ್ಲಿನ ಎಳೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣ ಚುಕ್ಕೆಯಷ್ಟೇ ಕಂಡರೂ, ನೋವು ಇಲ್ಲದಿದ್ದರೂ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಅಪಾಯವಿದೆ. ಈ ಎಂಜಿನ್ನುಗಳಲ್ಲಿ ರೈಲಿನ ಒತ್ತಡ ನಿಗದಿತ ಮಟ್ಟಕ್ಕೆ ಏರುವವರೆಗೆ ಕಂಪ್ಯೂಟರು ನಾಜಲ್ಲನ್ನು ತೆರೆಯಲು ಬಿಡುವುದಿಲ್ಲ, ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನಿಂದ ಸಂಕೇತ ಬರದಿದ್ದರೂ ಬಿಡುವುದಿಲ್ಲ. ಆದ್ದರಿಂದ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗಿನ ರೈಲ್ ಒತ್ತಡವನ್ನೂ ಎಂಜಿನ್ ಸುತ್ತುಗಳನ್ನೂ ಓದಿಸಿ, ಆ ಎರಡು ಸಂಖ್ಯೆಗಳನ್ನು ನಿಮಗೆ ತೋರಿಸುವಂತೆ ಕೇಳಿರಿ. ಅದನ್ನು ಕೇಳುವ ಹಕ್ಕು ಹಣ ಕೊಡುವವರಿಗೆ ಇದೆ.

ಹೊರಗೆ ಅಂಗಳದಲ್ಲಿ ಒಂದು ಹಳೆಯ ಟ್ರ್ಯಾಕ್ಟರನ್ನು ನಿಲ್ಲಿಸಿದ್ದೇವೆ, ಅದರ ಫಿಲ್ಟರಿನಿಂದ ಡೀಸೆಲ್ ಇಳಿಸಿ ಬೇಕೆಂದೇ ಗಾಳಿ ತುಂಬಿಸಿದ್ದೇವೆ. ಗೇರು ನ್ಯೂಟ್ರಲ್ಲಿನಲ್ಲಿದೆ, ಹ್ಯಾಂಡ್ ಬ್ರೇಕ್ ಹಾಕಿದೆ. ವಿದ್ಯಾರ್ಥಿಗಳಲ್ಲಿ ಇಬ್ಬರು ಮುಂದೆ ಬನ್ನಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರಿನ ಬಾಯಿಯಲ್ಲಿ ಕಂಡದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಲಿ. ಅಲ್ಲಿಯವರೆಗೆ ಸ್ಪ್ಯಾನರುಗಳು ಪೆಟ್ಟಿಗೆಯಲ್ಲೇ ಇರಲಿ.