ಮೊದಲು ಬೋರ್, ಆಮೇಲೆ ಪಿಸ್ಟನ್

ಕೇಳುಗರೆ, ನಮಸ್ಕಾರ. ಮನೆಯಲ್ಲಿರುವ, ಲೋಹ ಕಡೆಯುವ ಸಣ್ಣ ಲೇತ್‌ನಲ್ಲೇ ಅಂಗೈ ಮೇಲೆ ಕೂರುವಂಥ, ನಿಜಕ್ಕೂ ಓಡುವ ಎಂಜಿನ್ ಮಾಡಬೇಕೆಂದು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು: ಮೊದಲು ಬೋರ್, ಆಮೇಲೆ ಪಿಸ್ಟನ್. ಬೋರ್ ಅಂದರೆ ಸಿಲಿಂಡರಿನ ಒಳಗಿನ ತೂತು, ಪಿಸ್ಟನ್ ಅಂದರೆ ಅದರೊಳಗೆ ಹಿಂದೆ ಮುಂದೆ ಓಡಾಡುವ ತುಂಡು. ಬೋರ್ ಸೊಟ್ಟಗಿದ್ದರೆ ಹೊರಗೆ ಸುತ್ತುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಎಷ್ಟು ಥಳಥಳಿಸಿ ಏನು ಬಂತು?

ಜೇಮ್ಸ್ ವಾಟ್‌ಗೂ ಇದೇ ತಾಪತ್ರಯ. 1769ರಲ್ಲಿ ಸುಧಾರಿಸಿದ ಉಗಿ ಎಂಜಿನ್ನಿಗೆ ಪೇಟೆಂಟ್ ಕೈಗೆ ಬಂತು, ಎಂಜಿನ್ ಮಾತ್ರ ನೆಟ್ಟಗೆ ಓಡಲಿಲ್ಲ. ಸಿಲಿಂಡರ್ ದುಂಡಗಿರಲಿಲ್ಲ, ಪಿಸ್ಟನ್ ಪಕ್ಕದಿಂದ ಉಗಿ ಸೋರುತ್ತಿತ್ತು. ಕಾರ್ಕ್ ತುರುಕಿದ, ಎಣ್ಣೆಬಟ್ಟೆ ತುರುಕಿದ, ಹಳೆಯ ಟೋಪಿಯನ್ನೂ ತುರುಕಿ ನೋಡಿದ. ಆಗಿನ ಬೋರಿಂಗ್ ಯಂತ್ರದಲ್ಲಿ, ಅಂದರೆ ತೂತನ್ನು ಒಳಗಿನಿಂದ ಕೊರೆಯುವ ಯಂತ್ರದಲ್ಲಿ, ಕಟರ್ ಹೊತ್ತ ಕಂಬಿಗೆ ಒಂದೇ ಕಡೆ ಆಸರೆ. ಎರಕದ ತೂತು ಎತ್ತ ವಾಲಿದೆಯೋ ಕಟರ್ ಅತ್ತಲೇ ಹೋಗುತ್ತಿತ್ತು. ಇಂಗ್ಲೆಂಡಿನ ಕಬ್ಬಿಣ ಕಾರ್ಖಾನೆಯ ಒಡೆಯ ಜಾನ್ ವಿಲ್ಕಿನ್ಸನ್ ಮಾಡಿದ್ದು ಇಷ್ಟೆ: ಕಂಬಿಯನ್ನು ಸಿಲಿಂಡರಿನ ಈ ತುದಿಯಿಂದ ಆ ತುದಿಗೆ ಹಾಯಿಸಿ ಎರಡೂ ಕಡೆ ಆಸರೆ ಕೊಟ್ಟ. 50 ಅಂಗುಲ ವ್ಯಾಸದ ಸಿಲಿಂಡರಿನಲ್ಲಿ ಎಲ್ಲಿಯೂ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ವಾಟ್‌ನ ಪಾಲುದಾರ ಬೋಲ್ಟನ್ ಬರೆದ. ನಮ್ಮ 12 ಮಿಲಿಮೀಟರ್ ಬೋರಿಗೆ ಆ ನಾಣ್ಯ ಬಲು ದಪ್ಪವಾಯಿತು ಬಿಡಿ. ಪಿಸ್ಟನ್ನಿಗೂ ಬೋರಿಗೂ ನಡುವೆ ನಮಗೆ ಬೇಕಾದ ಸಂದು 0.02 ಮಿಲಿಮೀಟರ್, ಕೂದಲೆಳೆಗಿಂತ ಕಡಿಮೆ.

ಮೊದಲ ಸಲಕ್ಕೆ ಓಲಾಡುವ ಸಿಲಿಂಡರಿನ ಎಂಜಿನ್ ಸಾಕು. ಸಿಲಿಂಡರ್ ಒಂದು ಪಿನ್ನಿನ ಮೇಲೆ ಓಲಾಡುತ್ತಾ ಗಾಳಿಯ ತೂತನ್ನು ತಾನೇ ತೆರೆದು ಮುಚ್ಚುತ್ತದೆ, ಅದಕ್ಕೆ ಬೇರೆ ವಾಲ್ವ್ ಬೇಡ. ಹಿತ್ತಾಳೆ ತುಂಡನ್ನು ಲೇತಿನ ಹಿಡಿತವಾದ ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು, 11 ಮಿಲಿಮೀಟರ್ ಡ್ರಿಲ್ ಆರಪಾರ ಹಾಕಿ, ಬೋರಿಂಗ್ ಟೂಲಿನಿಂದ 11.9ಕ್ಕೆ ತನ್ನಿ. ಕೊನೆಗೆ ನಿಧಾನ ವೇಗದಲ್ಲಿ 12ರ ರೀಮರ್, ಅಂದರೆ ತೂತನ್ನು ಸರಿಯಾದ ಅಳತೆಗೆ ತರುವ ಅಲಗುಗಳ ಕಡ್ಡಿ. ಡ್ರಿಲ್ ಆದ ಕೂಡಲೇ ರೀಮರ್ ನುಗ್ಗಿಸುವವರಿದ್ದಾರೆ. ರೀಮರ್ ತೂತನ್ನು ನುಣುಪು ಮಾಡುತ್ತದೆ ಸ್ವಾಮಿ, ನೆಟ್ಟಗೆ ಮಾಡುವುದಿಲ್ಲ! ಹಿಮ್ಮುಖ ತಿರುಗಿಸಿದರಂತೂ ಅಲಗು ಮೊಂಡು. ಚಕ್ಕಿನಿಂದ ಬಿಚ್ಚುವ ಮುಂಚೆಯೇ ತುದಿಯ ಫೇಸಿಂಗ್, ಅಂದರೆ ಮುಖವನ್ನು ಸಮತಟ್ಟಾಗಿ ಕಡೆಯುವುದು, ಮುಗಿಸಿ. ಆಗ ಅದು ಬೋರಿಗೆ ಮೂಲೆಮಟ್ಟವಾಗಿರುತ್ತದೆ.

ಈಗ ಪಿಸ್ಟನ್. ಅದನ್ನು ಡ್ರಾಯಿಂಗಿನ ಅಳತೆಗೆ ಮಾಡಬೇಡಿ, ಕೈಯಲ್ಲಿರುವ ಬೋರಿಗೆ ಮಾಡಿ. ಎಣ್ಣೆ ಸವರಿ, ಬೋರಿನ ಕೆಳಬಾಯಿಗೆ ಹೆಬ್ಬೆರಳು ಒತ್ತಿ, ಪಿಸ್ಟನ್ ಬಿಡಿ. ಗಾಳಿಯ ಮೇಲೆ ಕೂತು ಸಾವಕಾಶವಾಗಿ ಇಳಿಯಬೇಕು. ಬೆರಳು ತೆಗೆದರೆ ಟಪ್ಪನೆ ಬೀಳಬೇಕು. ಬೆರಳಿದ್ದಾಗಲೂ ಜಾರಿತೋ, ಇನ್ನೊಂದು ಪಿಸ್ಟನ್ ಟರ್ನ್ ಮಾಡಿ. ಬೋರ್ ಮುಟ್ಟಬೇಡಿ. ಅದಕ್ಕೇ ನಾನು ಹೇಳಿದ್ದು, ಮೊದಲು ಬೋರ್.

ಹೊತ್ತಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 20 ಮಿಲಿಮೀಟರ್ ಬೇಕಾದರೆ ಪಿಸ್ಟನ್ನಿನ ಕಡ್ಡಿ ಶಾಫ್ಟನ್ನು ತಿರುಗಿಸುವ ಕ್ರ್ಯಾಂಕ್ ಪಿನ್ ಇರಬೇಕಾದದ್ದು ಶಾಫ್ಟಿನ ನಡುವಿನಿಂದ 10ರಲ್ಲಿ, 20ರಲ್ಲಲ್ಲ. ಗಾಳಿಯ ತೂತು, ಅಂದರೆ ಪೋರ್ಟ್, ಇರುವ ಮುಖವನ್ನು ಗಾಜಿನ ಮೇಲೆ ನಯವಾದ ಎಮರಿ ಹಾಳೆ ಹಾಸಿ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆಯಿರಿ. ಆ ಪುಡಿ ಬೋರಿಗೆ ಇಳಿದರೆ ಗೀರು ಬೀಳುತ್ತದೆ. ಸಿಲಿಂಡರ್ ಓಲಾಡುವ ಪಿವಟ್ ಪಿನ್ ವಾಲಿದ್ದರೆ ಆ ಮುಖ ಎದ್ದು ಗಾಳಿ ಸೋರುತ್ತದೆ. ಉಗಿಯ ಗೊಡವೆ ಈಗಲೇ ಬೇಡ, ಬಾಯ್ಲರ್ ಬೇರೆಯೇ ವಿದ್ಯೆ. ಕಂಪ್ರೆಸರಿನಿಂದ 1 ಬಾರ್ ಒತ್ತಡದ ಗಾಳಿ ಸಾಕು. ಗಾಳಿ ಕೊಡುವ ಮುನ್ನ ಫ್ಲೈವೀಲನ್ನು ಬೆರಳಿನಿಂದ ಸುತ್ತಿಸಿ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಬಿಗಿಯಾದರೆ ಒತ್ತಡ ಏರಿಸಬೇಡಿ, ಶಾಫ್ಟ್ ಬಿಚ್ಚಿ ಬಾಗಿದೆಯೇ ನೋಡಿ.